ಚಕ್ಕುಬಂದಿ ಇಲ್ಲದ ಆಕಾರಗಳು

‘ಇಂಪೋರ್ಟೆಡ್’ ಎಂಬ ಮಾತಿಗೆ ಒಂದು ಕಾಲದಲ್ಲಿ ನಮ್ಮ ಬೆಂಗಳೂರಿನಲ್ಲಿ ಎಂಥ ಮರ್ಯಾದೆ ಇತ್ತು! ಬರ್ಮಾ ಬಜಾರಿನಲ್ಲಿ ಚೌಕಾಸಿ ಮಾಡಿ ತಂದ ಟೇಪ್ ರೆಕಾರ್ಡರಾಗಲಿ, ದುಬೈಯಿಂದ ಭಾವಮೈದುನ ತಂದುಕೊಟ್ಟ ಸೆಂಟಿನ ಬಾಟಲಿಯಾಗಲಿ, ಬಂದವರ ಕಣ್ಣಿಗೆ ಬೀಳುವಂತೆ ಷೋಕೇಸಿನಲ್ಲಿ ಕೂರುತ್ತಿತ್ತು. ಅದೇ ಮಾತನ್ನು ಇವತ್ತು ಪೀಣ್ಯದ ಟೂಲ್‌ರೂಮಿನಲ್ಲೋ ಹೆಬ್ಬಾಳದ ಎಂಜಿನಿಯರಿಂಗ್ ಕಚೇರಿಯಲ್ಲೋ ಕಂಪ್ಯೂಟರಿನ ಮುಂದೆ ಕುಳಿತ ಹುಡುಗ ಹುಡುಗಿಯರ ಎದುರು ಆಡಿ ನೋಡಿ. ಮುಖ ಸಿಂಡರಿಸುತ್ತಾರೆ. ಅವರ ಭಾಷೆಯಲ್ಲಿ ‘ಇಂಪೋರ್ಟ್’ ಆಗಿ ಬಂದದ್ದು ಎಂದರೆ, ಬೇರೆ ಯಾವುದೋ ಸಾಫ್ಟ್‌ವೇರಿನಲ್ಲಿ ಹುಟ್ಟಿ, ದಾರಿಯಲ್ಲಿ ಅಲ್ಲಲ್ಲಿ ಹೊಲಿಗೆ ಬಿಟ್ಟು, ಹರಿದ ಅಂಗಿಯಂತೆ ಬಂದು ಬಿದ್ದ ಒಂದು ಆಕಾರ. ಅದಕ್ಕೆ ತೇಪೆ ಹಾಕುವ ತನಕ ಮುಂದಿನ ಯಾವ ಕೆಲಸವೂ ಶುರುವಾಗುವುದಿಲ್ಲ.

ಉತ್ತರ ಬೆಂಗಳೂರಿಗೆ ಈ ತೇಪೆಯ ಕೆಲಸ ಹೊಸದಲ್ಲ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದರೆ ಸಿಎಂಟಿಐ ಸಿಗುತ್ತದೆ. ಯಂತ್ರೋಪಕರಣಗಳ ಸಂಶೋಧನೆಗೆಂದು 1962ರಲ್ಲಿ ಹುಟ್ಟಿದ ಸಂಸ್ಥೆ. ಅದರ ಮುಂದೆ ಪೀಣ್ಯ. ಅಲ್ಲಿನ ಅಡ್ಡರಸ್ತೆಗಳಲ್ಲಿ ಅಚ್ಚು ಮಾಡುವವರು, ಡೈ ಮಾಡುವವರು, ಬಿಡಿಭಾಗ ಕಡೆಯುವವರು ಒತ್ತೊತ್ತಾಗಿ ಕೂತಿದ್ದಾರೆ. ಇತ್ತ ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಹೋದರೆ ಯಲಹಂಕದ ರೈಲು ಗಾಲಿ ಕಾರ್ಖಾನೆ, ವಾಯುಪಡೆ ನೆಲೆ, ಇನ್ನೂ ಮುಂದೆ ದೇವನಹಳ್ಳಿಯ ಕಡೆ 2024ರ ಜನವರಿಯಲ್ಲಿ ಉದ್ಘಾಟನೆಯಾದ ಬೋಯಿಂಗ್ ಕಂಪನಿಯ 43 ಎಕರೆ ಎಂಜಿನಿಯರಿಂಗ್ ಆವರಣ. ಈ ಎರಡು ರಸ್ತೆಗಳ ನಡುವಿನ ದೊಡ್ಡ ಚಿಕ್ಕ ಕಚೇರಿಗಳಿಗೆ ಅಮೆರಿಕದಿಂದ, ಜರ್ಮನಿಯಿಂದ, ಪುಣೆ ಚೆನ್ನೈಗಳಿಂದ ಆಕಾರಗಳು ಬರುತ್ತವೆ. ಅವಕ್ಕೆ ಹಡಗೂ ಬೇಡ, ಸುಂಕದ ಕಟ್ಟೆಯೂ ಇಲ್ಲ. ಒಂದು ಫೈಲಿನ ರೂಪದಲ್ಲಿ ಕ್ಷಣಾರ್ಧದಲ್ಲಿ ಬಂದು ಇಳಿಯುತ್ತವೆ. ಸರಕು ಮುರಿದಿದೆಯೇ ಎಂದು ಪೆಟ್ಟಿಗೆ ತೆರೆದು ನೋಡುವ ಕಾವಲುಗಾರ ಮಾತ್ರ ನಡುವೆ ಎಲ್ಲೂ ಇಲ್ಲ.

ಏನು ಮುರಿಯುತ್ತದೆ, ಯಾಕೆ ಮುರಿಯುತ್ತದೆ ಎಂಬುದು ತಿಳಿಯಬೇಕಾದರೆ ಕಂಪ್ಯೂಟರಿನೊಳಗೆ ಒಂದು ವಸ್ತು ಹೇಗಿರುತ್ತದೆ ಎಂಬುದನ್ನು ಮೊದಲು ನೋಡಬೇಕು. ಪರದೆಯ ಮೇಲೆ ಉಕ್ಕಿನ ದಿಮ್ಮಿ ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಅದರೊಳಗೆ ಉಕ್ಕೂ ಇಲ್ಲ, ತಿರುಳೂ ಇಲ್ಲ. ಇರುವುದು ಬರೀ ತೊಗಲು. ಆ ತೊಗಲು ಕೂಡ ಒಂದೇ ತುಂಡಲ್ಲ. ಮುತ್ತುಗದ ಎಲೆ ಹಚ್ಚುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ನಾಲ್ಕೈದು ಎಲೆಗಳನ್ನು ಅಂಚಿಗೆ ಅಂಚು ಕೂಡಿಸಿ ಹಂಚಿಕಡ್ಡಿ ಚುಚ್ಚಿದರೆ ಊಟದೆಲೆಯಾಗುತ್ತದೆ. ಹಚ್ಚಿದ ಕೈ ಚೆನ್ನಾಗಿದ್ದರೆ ಸಾರು ನಿಲ್ಲುತ್ತದೆ, ಇಲ್ಲದಿದ್ದರೆ ನೆಲ ಸೇರುತ್ತದೆ. ಕಂಪ್ಯೂಟರಿನ ವಸ್ತುವೂ ಹೀಗೆಯೇ ನೂರಾರು, ಕೆಲವೊಮ್ಮೆ ಸಾವಿರಾರು ಮೇಲ್ಮೈ ತುಂಡುಗಳನ್ನು ಅಂಚಿಗೆ ಅಂಚು ಹಚ್ಚಿದ ಚೀಲ. ಚೀಲ ಎಲ್ಲೂ ಸೋರದಿದ್ದರೆ ಮಾತ್ರ ಕಂಪ್ಯೂಟರು ಅದನ್ನು ಘನವಸ್ತು ಎಂದು ಒಪ್ಪುತ್ತದೆ, ಒಳಗೆ ಯಾವುದು ಹೊರಗೆ ಯಾವುದು ಎಂದು ಹೇಳುತ್ತದೆ, ತೂಕ ಲೆಕ್ಕ ಹಾಕುತ್ತದೆ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ಬಾಯಿಬಿಟ್ಟರೂ, ‘ಇದು ವಸ್ತುವಲ್ಲ, ಬರೀ ಚಿಂದಿಗಳ ರಾಶಿ’ ಎಂದು ಕೈಚೆಲ್ಲುತ್ತದೆ.

ತುಂಡುಗಳಿದ್ದರೆ ಸಾಲದು, ಯಾವ ತುಂಡಿನ ಪಕ್ಕ ಯಾವ ತುಂಡು ಎಂಬುದೂ ಗೊತ್ತಿರಬೇಕು. ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಒಂದು ನಿವೇಶನ ಕೊಂಡವರಿಗೆ ಚಕ್ಕುಬಂದಿ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಮೂವತ್ತು ನಲವತ್ತರ ಸೈಟು ಎಂದು ಅಳತೆ ಬರೆದರೆ ಕ್ರಯಪತ್ರ ಪೂರ್ತಿಯಾಗುವುದಿಲ್ಲ. ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥ ನಂಬರು, ದಕ್ಷಿಣಕ್ಕೆ ಇಂಥ ನಂಬರು ಎಂದು ನಾಲ್ಕೂ ದಿಕ್ಕು ಕಟ್ಟಬೇಕು. ಕಂಪ್ಯೂಟರಿನ ಘನವಸ್ತುವಿನಲ್ಲಿಯೂ ಪ್ರತಿ ತುಂಡಿಗೆ ಇಂಥದೊಂದು ಚಕ್ಕುಬಂದಿ ಇರುತ್ತದೆ. ಪ್ರತಿ ಅಂಚೂ ಸರಿಯಾಗಿ ಎರಡು ತುಂಡುಗಳ ನಡುವಿನ ಗಡಿ. ಒಂದೇ ತುಂಡಿಗೆ ಸೇರಿದ್ದರೆ ಅಲ್ಲಿ ತೂತು, ಮೂರಕ್ಕೆ ಸೇರಿದ್ದರೆ ಅಲ್ಲಿ ತಕರಾರು. ಅಳತೆ ಒಂದಿಷ್ಟು ಆಚೀಚೆಯಾದರೂ ಚಕ್ಕುಬಂದಿ ಇದ್ದರೆ ‘ಇವರಿಬ್ಬರೂ ಅಕ್ಕಪಕ್ಕದವರು, ನಡುವೆ ಜಾಗ ಉಳಿಯುವಂತಿಲ್ಲ’ ಎಂದು ತೀರ್ಮಾನಿಸಬಹುದು. ಬರೀ ಅಳತೆ ಇದ್ದರೆ? ನಡುವೆ ಉಳಿದ ಅರ್ಧ ಅಡಿ ಯಾರದು ಎಂದು ಹೇಳುವವರೇ ಇಲ್ಲ. ಎರಡು ಸೈಟು ಒಂದರ ಮೇಲೊಂದು ಹತ್ತಿದರೆ ಒತ್ತುವರಿ, ನಡುವೆ ಉಳಿದರೆ ಖರಾಬು. ಈ ಎರಡೂ ಕಾಯಿಲೆ ಆಮದಾದ ಆಕಾರಗಳಿಗೆ ಇವೆ.

ಚಕ್ಕುಬಂದಿ ಕಳೆದುಹೋದದ್ದು ಎಲ್ಲಿ ಎಂದು ಹುಡುಕುತ್ತ ಹೋದರೆ 1979ಕ್ಕೆ ಬಂದು ನಿಲ್ಲುತ್ತೇವೆ. ಆಗ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಕಂಪ್ಯೂಟರಿನಿಂದ ನಕ್ಷೆ ಬರೆಯುವ ವ್ಯವಸ್ಥೆಗಳು ಬೇಕಾದಷ್ಟಿದ್ದವು, ಆದರೆ ಒಂದರ ಭಾಷೆ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಬೋಯಿಂಗ್, ಜನರಲ್ ಎಲೆಕ್ಟ್ರಿಕ್ ಮತ್ತು ಅಲ್ಲಿನ ಸರ್ಕಾರದ ಮಾನಕಗಳ ಸಂಸ್ಥೆ ಸೇರಿ, ನಡುವೆ ನಿಂತು ಮಾತು ದಾಟಿಸುವ ಒಂದು ಸಾಮಾನ್ಯ ರೂಪವನ್ನು ಅವಸರ ಅವಸರವಾಗಿ ಹೊಸೆದವು. 1980ರ ಜನವರಿಯಲ್ಲಿ ಪ್ರಕಟವಾದ ಅದರ ಹೆಸರು ‘ಐಜೆಸ್’. ಇವತ್ತಿಗೂ ಐಜೆಸ್ ಫೈಲನ್ನು ತೆರೆದು ನೋಡಿದರೆ ಪ್ರತಿ ಸಾಲಿನಲ್ಲಿ 80 ಅಕ್ಷರಗಳ ಜಾಗ, 73ನೆಯ ಮನೆಯಲ್ಲಿ ವಿಭಾಗದ ಗುರುತು. ತೂತು ಕೊರೆದ ಕಾರ್ಡುಗಳನ್ನು ಯಂತ್ರಕ್ಕೆ ತಿನ್ನಿಸುತ್ತಿದ್ದ ಕಾಲದ ಪಳೆಯುಳಿಕೆ ಅದು. ಐಜೆಸ್‌ನಲ್ಲಿ ರೂಢಿಗೆ ಬಂದದ್ದು, ಪ್ರತಿ ಮೇಲ್ಮೈಯನ್ನೂ ಅದರದರ ಅಂಚಿನ ಗೆರೆಗಳೊಂದಿಗೆ ಬೇರೆ ಬೇರೆಯಾಗಿ ಬರೆದು ಕಳಿಸುವ ಪದ್ಧತಿ. ಎಲೆಗಳೆಲ್ಲ ಬಂದವು, ಹಂಚಿಕಡ್ಡಿ ಅಲ್ಲೇ ಉಳಿಯಿತು. ಪೂರ್ತಿ ಘನವಸ್ತುವನ್ನೇ ಬರೆಯುವ ಅವಕಾಶ ಮುಂದಿನ ಆವೃತ್ತಿಗಳಲ್ಲಿ ಬಂತಾದರೂ ರೂಢಿ ಬದಲಾಗಲಿಲ್ಲ. 1996ರ 5.3ನೆಯ ಆವೃತ್ತಿಯೇ ಕೊನೆ. ಆಮೇಲೆ ಹೊಸದು ಬರಲಿಲ್ಲ. ಆದರೂ ಐಜೆಸ್ ಫೈಲುಗಳು ಬರುವುದು ನಿಂತಿಲ್ಲ. ಅಂಚೆಯಣ್ಣ ನಿವೃತ್ತನಾದರೂ ಕಾಗದಗಳು ಬರುತ್ತಲೇ ಇರುವ ಹಾಗೆ.

ಸರಿ, ಬೇರೆ ಬೇರೆಯಾಗಿ ಬಂದರೇನಂತೆ, ಅಂಚುಗಳು ಕರಾರುವಾಕ್ಕಾಗಿ ಕೂಡಿಕೊಂಡರೆ ಆಯಿತಲ್ಲ ಎನ್ನಬಹುದು. ತೊಡಕು ಇರುವುದೇ ಇಲ್ಲಿ. ಎರಡು ಬಾಗಿದ ಮೇಲ್ಮೈಗಳು ಒಂದನ್ನೊಂದು ಸೇರುವ ಗೆರೆಯನ್ನು ಕರಾರುವಾಕ್ಕಾಗಿ ಬರೆಯುವುದು ನಾವು ತಿಳಿದಷ್ಟು ಸುಲಭವಲ್ಲ. ಕಾರಿನ ಬಾನೆಟ್ಟು, ವಿಮಾನದ ರೆಕ್ಕೆ, ಶಾಂಪೂ ಬಾಟಲಿ, ಇವನ್ನೆಲ್ಲ ರೂಪಿಸಲು ಸಾಮಾನ್ಯವಾಗಿ ಬಳಸುವ ಮೂರನೆಯ ಘಾತದ ಎರಡು ಮೇಲ್ಮೈ ತುಂಡುಗಳನ್ನು ತೆಗೆದುಕೊಳ್ಳಿ. ಅವು ಸೇರುವ ಗೆರೆಯ ಘಾತ ಎಷ್ಟಾಗಬಹುದು? 324. ಹೈಸ್ಕೂಲಿನಲ್ಲಿ ಎರಡನೆಯ ಘಾತದ ಸಮೀಕರಣಕ್ಕೇ ಬೆವರಿದವರು ನಾವು. ಯಾವ ಸಾಫ್ಟ್‌ವೇರೂ 324ನೆಯ ಘಾತದ ಗೆರೆಯನ್ನು ಬರೆದಿಡುವ ಗೋಜಿಗೆ ಹೋಗುವುದಿಲ್ಲ. ಗೆರೆಯ ಮೇಲೆ ಅಲ್ಲಲ್ಲಿ ಬಿಂದುಗಳನ್ನು ಹಿಡಿದು, ಅವುಗಳ ಮೂಲಕ ಹಾಯುವ ಸರಳವಾದ ಒಂದು ಗೆರೆಯನ್ನು ಎಳೆದು ‘ಹೆಚ್ಚುಕಡಿಮೆ ಇದೇ’ ಎಂದುಬಿಡುತ್ತದೆ. ಆ ಹೆಚ್ಚುಕಡಿಮೆ ಗೆರೆ ಎಡಗಡೆಯ ಮೇಲ್ಮೈಯಲ್ಲೂ ಪೂರ್ತಿ ಇಲ್ಲ, ಬಲಗಡೆಯದರಲ್ಲೂ ಪೂರ್ತಿ ಇಲ್ಲ. ಸಾಲದ್ದಕ್ಕೆ ಒಂದೇ ಗಡಿಗೆ ಮೂರು ದಾಖಲೆ: ಆಕಾಶದಲ್ಲಿ ಹಾಯುವ ಗೆರೆ ಒಂದು, ಎಡ ಮೇಲ್ಮೈಯ ಮೇಲೆ ಬಿಡಿಸಿದ ಅದರ ನಕಲು ಒಂದು, ಬಲ ಮೇಲ್ಮೈಯ ಮೇಲಿನ ನಕಲು ಇನ್ನೊಂದು. ಮೂರೂ ಒಂದರ ಮೇಲೊಂದು ಕೂರುವುದಿಲ್ಲ. ಯಾರ ತಪ್ಪೂ ಇಲ್ಲದೆ, ಯಾವ ಕಳಪೆ ಕೆಲಸವೂ ಇಲ್ಲದೆ ಹುಟ್ಟಿನಿಂದಲೇ ಬಂದ ಬಿರುಕು ಇದು.

ಹಾಗಾದರೆ ಅದು ಹುಟ್ಟಿದ ಮನೆಯಲ್ಲಿ ಯಾಕೆ ತೊಂದರೆ ಕೊಡಲಿಲ್ಲ? ಅಲ್ಲಿ ಅದನ್ನು ಸಹಿಸಿಕೊಳ್ಳುವವರು ಇದ್ದರು. ‘ಟಾಲರೆನ್ಸ್’ ಎಂಬ ವರ್ಕ್‌ಷಾಪಿನ ಪದಕ್ಕೆ ನಿಘಂಟಿನಲ್ಲಿ ಸಹನೆ ಎಂಬ ಅರ್ಥವೂ ಇದೆ. ಈ ಪ್ರಸಂಗದಲ್ಲಿ ಆ ಅರ್ಥವೇ ಹೆಚ್ಚು ಸರಿ. ಎಷ್ಟು ಹತ್ತಿರವಿದ್ದರೆ ‘ಅಂಟಿದೆ’ ಎಂದುಕೊಳ್ಳಬೇಕು ಎಂಬುದಕ್ಕೆ ಪ್ರತಿ ಸಾಫ್ಟ್‌ವೇರಿಗೂ ತನ್ನದೇ ಆದ ಸಹನೆ ಇದೆ. ಕಟಿಯಾ ಐದನೆಯ ಆವೃತ್ತಿಯದು ಸಾಮಾನ್ಯವಾಗಿ 0.001 ಮಿಲಿಮೀಟರ್. ಕೇಂಬ್ರಿಜ್‌ನಲ್ಲಿ ಹುಟ್ಟಿ ಹಲವು ಕ್ಯಾಡ್ ಸಾಫ್ಟ್‌ವೇರುಗಳ ಹೊಟ್ಟೆಯಲ್ಲಿ ಕೆಲಸ ಮಾಡುವ ಪ್ಯಾರಾಸಾಲಿಡ್ ಇನ್ನೂ ಮಡಿವಂತ. ಅದರ ಲೆಕ್ಕ 0.00001 ಮಿಲಿಮೀಟರ್. ಪ್ರೊ-ಎಂಜಿನಿಯರ್‌ನದು ಬೇರೆಯೇ ಪದ್ಧತಿ. ಅದು ವಸ್ತುವಿನ ಗಾತ್ರಕ್ಕೆ ತಕ್ಕಂತೆ ಸಹನೆ ಇಟ್ಟುಕೊಳ್ಳುತ್ತಿತ್ತು, ರೂಢಿಯ ಪ್ರಮಾಣ 0.0012, ವಸ್ತು ದೊಡ್ಡದಾದಷ್ಟೂ ಸಹನೆಯೂ ದೊಡ್ಡದು. ನಮ್ಮ ತಲೆಗೂದಲಿನ ದಪ್ಪ 0.05ರಿಂದ 0.1 ಮಿಲಿಮೀಟರ್ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ನೋಡಿ. ಒಬ್ಬನ ಮನೆಯಲ್ಲಿ ಅಂಟಿಕೊಂಡಿದ್ದ ಅಂಚುಗಳು ಇನ್ನೊಬ್ಬನ ಮನೆಗೆ ಬರುವಷ್ಟರಲ್ಲಿ ಬಾಯಿಬಿಟ್ಟ ಕಂದಕವಾಗುತ್ತವೆ. ಹಿಂದೆ ಸರಪಳಿ ಎಳೆದು ಅಳೆದ ಹೊಲವನ್ನು ಇಂದು ಟೋಟಲ್ ಸ್ಟೇಷನ್ ಯಂತ್ರವಿಟ್ಟು ಅಳೆದರೆ ಅಣ್ಣತಮ್ಮಂದಿರ ನಡುವೆ ಇದ್ದಕ್ಕಿದ್ದಂತೆ ವ್ಯಾಜ್ಯ ಹುಟ್ಟುವುದಿಲ್ಲವೇ, ಅಂಥದೇ. ಜಮೀನು ಕದಲಲಿಲ್ಲ, ಅಳೆಯುವವನ ಸಹನೆ ಕಡಿಮೆಯಾಯಿತು.

ಗಾಲಿಯಂಥ ಸರಳ ವಸ್ತುವಿಗೂ ಇದರಿಂದ ಬಿಡುಗಡೆಯಿಲ್ಲ. ಯಲಹಂಕದ ಗಾಲಿ ಕಾರ್ಖಾನೆ 1984ರಿಂದ ರೈಲ್ವೆಯ ಗುಜರಿ ಉಕ್ಕನ್ನೇ ಕರಗಿಸಿ, ಗಾಳಿಯ ಒತ್ತಡದಿಂದ ಗ್ರಾಫೈಟ್ ಅಚ್ಚಿನೊಳಕ್ಕೆ ಏರಿಸಿ ಗಾಲಿ ಎರಕ ಹೊಯ್ಯುತ್ತಿದೆ. ಕಂಪ್ಯೂಟರಿನಲ್ಲಿ ಗಾಲಿ ಬರೆಯುವುದು ಮಕ್ಕಳಾಟ: ಒಂದು ಅಡ್ಡಕೊಯ್ತದ ಗೆರೆಯನ್ನು ಅಚ್ಚುಗೋಲಿನ ಸುತ್ತ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಆದರೆ ಸುತ್ತು ಮುಗಿದಾಗ 0 ಡಿಗ್ರಿಯೂ 360 ಡಿಗ್ರಿಯೂ ಒಂದೇ ಜಾಗದಲ್ಲಿ ಬಂದು ಕೂಡುತ್ತವೆ. ಪಂಚೆ ಸುತ್ತಿದಾಗ ಎರಡು ಅಂಚು ಸೇರುವ ಹಾಗೆ. ಕೆಲವು ಸಾಫ್ಟ್‌ವೇರುಗಳು ಅಲ್ಲಿ ಒಂದು ಹೊಲಿಗೆಯ ಗೆರೆ ಇಡುತ್ತವೆ, ಕೆಲವು ಗಾಲಿಯನ್ನು ಎರಡು ಅರ್ಧಗಳಾಗಿ ಸೀಳಿ ಇಡುತ್ತವೆ, ಕೆಲವಕ್ಕೆ ಹೊಲಿಗೆಯೇ ಬೇಡ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಗುಂಡಗಿನ ಗಾಲಿಗೆ ಇಲ್ಲದ ಅಂಚೊಂದು ಹುಟ್ಟಿಕೊಳ್ಳಬಹುದು, ಅಥವಾ ಇರಬೇಕಾದ ಮೈಯೇ ಮಾಯವಾಗಬಹುದು. ಗೋಳದ ನೆತ್ತಿ, ಕಳಶದ ತುದಿ ಇವೂ ಇಂಥ ತಾಪತ್ರಯದ ಜಾಗಗಳೇ. ಅಲ್ಲಿ ಒಂದು ಇಡೀ ಅಂಚು ಮುದುಡಿ ಬಿಂದುವಾಗಿರುತ್ತದೆ. ಉದ್ದವಿಲ್ಲದ ಅಂಚನ್ನು ಕಂಡರೆ ಎಷ್ಟೋ ಸಾಫ್ಟ್‌ವೇರುಗಳು ತಬ್ಬಿಬ್ಬಾಗುತ್ತವೆ. ಅಂದಹಾಗೆ, ಕಂಪ್ಯೂಟರ್ ಚಿತ್ರಗಳ ಲೋಕದಲ್ಲಿ ಅತಿ ಪ್ರಸಿದ್ಧವಾದ ಆಕಾರವೇ ತೂತಿನದು. 1975ರಲ್ಲಿ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂಯೆಲ್ ತಮ್ಮ ಮನೆಯ ಟೀ ಪಾಟನ್ನು ನೋಡಿ ಬರೆದ ಮಾದರಿಗೆ ತಳವೇ ಇರಲಿಲ್ಲ. ನೋಡಲು ಚೆನ್ನಾಗಿದ್ದರೆ ಸಾಕಾಗಿತ್ತು, ಟೀ ಸುರಿಯುವ ಪ್ರಶ್ನೆ ಬರಲಿಲ್ಲ. ಅಚ್ಚು ಮಾಡುವವರ ಕೈಗೆ ಬಂದಿದ್ದರೆ ಮಾತು ಬೇರೆ.

ಈಗ ರಿಪೇರಿಯ ವಿಚಾರ. ಪೀಣ್ಯದ ಟೂಲ್‌ರೂಮೊಂದಕ್ಕೆ ಮಿಕ್ಸಿಯ ಪ್ಲಾಸ್ಟಿಕ್ ಮೈಕಟ್ಟಿನ ಫೈಲು ಬಂತು ಎಂದಿಟ್ಟುಕೊಳ್ಳಿ. ಅದನ್ನು ಕೋರ್, ಕ್ಯಾವಿಟಿ ಎಂದು ಎರಡು ಪಾಲು ಮಾಡಿ ಉಕ್ಕಿನಲ್ಲಿ ಕಡೆಯಬೇಕು. ಕೈ ಪಳಗಿದವರು ಮೊದಲು ನೋಡುವುದು ಅಳತೆಯ ಮಾನ. ಅಂಗುಲವನ್ನು ಮಿಲಿಮೀಟರ್ ಎಂದು ಓದಿಕೊಂಡರೆ ವಸ್ತು 25.4 ಪಟ್ಟು ಕುಗ್ಗುತ್ತದೆ. ಇದು ಕಣ್ಣಿಗೆ ಕಾಣುವ ತಪ್ಪಾದ್ದರಿಂದ ಅಷ್ಟು ಭಯವಿಲ್ಲ. ಆಮೇಲೆ ಒಂದೇ ಜಾಗದಲ್ಲಿ ಎರಡೆರಡು ಸಲ ಬಂದ ಮೇಲ್ಮೈಗಳನ್ನು ತೆಗೆಯುತ್ತಾರೆ. ಒಳಮೈ ಹೊರಗಾಗಿ ತಿರುಗಿದ ತುಂಡುಗಳನ್ನು ಸರಿಯಾಗಿ ಮಗುಚುತ್ತಾರೆ. ಖರಾಬು ಜಮೀನಿನಂತೆ ಎರಡು ತುಂಡುಗಳ ನಡುವೆ ಸಿಕ್ಕಿಕೊಂಡ ನೂಲಿನಂಥ ಮೇಲ್ಮೈಗಳನ್ನು ಹುಡುಕುತ್ತಾರೆ. ಇದಾದ ಮೇಲೆ ಹೊಲಿಗೆ. ಸಣ್ಣ ಸಹನೆಯಿಂದ ಶುರುಮಾಡಿ, ಎಷ್ಟು ಅಂಚುಗಳು ಕೂಡಿದವು ಎಂದು ನೋಡಿ, ಉಳಿದದ್ದಕ್ಕೆ ತುಸು ಸಡಿಲಿಸಿ, ಮತ್ತೆ ನೋಡಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಕೂಡದ ಅಂಚುಗಳನ್ನು ಪರದೆ ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಒಳ್ಳೆಯ ಕೆಲಸಗಾರ ಆ ಬಣ್ಣದ ಗೆರೆಗಳನ್ನು ಒಂದೊಂದಾಗಿ ಹತ್ತಿರ ಹೋಗಿ ನೋಡುತ್ತಾನೆ. ಬಿರುಕು ಯಾಕೆ ಬಂತು? ಅಂಚಿನ ಗೆರೆ ಮಾತ್ರ ಕೆಟ್ಟಿದೆಯೋ, ಮೇಲ್ಮೈಯೇ ಅಲ್ಲಿಯ ತನಕ ಬಂದಿಲ್ಲವೋ? ಗೆರೆ ಕೆಟ್ಟಿದ್ದರೆ ಅದನ್ನು ಅಳಿಸಿ ಎರಡು ಮೇಲ್ಮೈಗಳನ್ನು ಮತ್ತೆ ಛೇದಿಸಿ ಹೊಸ ಗೆರೆ ಪಡೆಯಬಹುದು, ಆಕಾರಕ್ಕೆ ಧಕ್ಕೆಯಿಲ್ಲ. ಮೇಲ್ಮೈಯೇ ಗಿಡ್ಡವಾಗಿದ್ದರೆ ಅದನ್ನು ಎಳೆದು ಉದ್ದ ಮಾಡಬೇಕು. ತುಂಡೇ ಇಲ್ಲದಿದ್ದರೆ ಹೊಸದಾಗಿ ಮಾಡಬೇಕು, ಅಕ್ಕಪಕ್ಕದ ತುಂಡುಗಳಿಗೆ ಅದು ನಯವಾಗಿ ಕೂಡಿಕೊಳ್ಳಬೇಕು. ಇಲ್ಲದಿದ್ದರೆ ಹೊಳಪಿನ ಪ್ಲಾಸ್ಟಿಕ್ಕಿನ ಮೇಲೆ ಬೆಳಕು ಬಿದ್ದಾಗ ಅಲ್ಲೊಂದು ಗೀರು ಕಾಣುತ್ತದೆ. ಅಡುಗೆಮನೆಯಲ್ಲಿ ಅದನ್ನು ದಿನಾ ನೋಡುವವರು ಗೃಹಿಣಿಯರು.

ಇಷ್ಟೆಲ್ಲ ಒದ್ದಾಟ ಯಾಕೆ, ಸಹನೆಯನ್ನು ಒಮ್ಮೆಲೇ ದೊಡ್ಡದು ಮಾಡಿಬಿಟ್ಟರೆ ಎಲ್ಲವೂ ಕೂಡಿಕೊಳ್ಳುವುದಿಲ್ಲವೇ? ಕೂಡಿಕೊಳ್ಳುತ್ತದೆ. ಅದೇ ಅಪಾಯ. ಅರ್ಧ ಮಿಲಿಮೀಟರ್ ಒಳಗಿನದೆಲ್ಲ ಒಂದೇ ಎಂದು ಹೇಳಿದರೆ ಕಂಪ್ಯೂಟರು ನಂಬುತ್ತದೆ. ಅರ್ಧ ಮಿಲಿಮೀಟರಿಗಿಂತ ಚಿಕ್ಕದಾದ ನಿಜವಾದ ಮೆಟ್ಟಿಲು, ಮೂಲೆಯ ಪುಟ್ಟ ಗುಂಡಗೆ, ಮುಚ್ಚಳ ಕೂರಲು ಬಿಟ್ಟ ಸಂದು ಎಲ್ಲವನ್ನೂ ಖರಾಬು ಎಂದು ನುಂಗಿಹಾಕುತ್ತದೆ. ಈಚಿನ ಸಾಫ್ಟ್‌ವೇರುಗಳಲ್ಲಿ ‘ಹೀಲ್’ ಎಂಬ ಗುಂಡಿಯೇ ಇದೆ, ಒತ್ತಿದರೆ ರಿಪೇರಿ ತಾನಾಗಿ ನಡೆಯುತ್ತದೆ. ಅದು ನಿಜವಾಗಿ ಒಳ್ಳೆಯ ಕೆಲಸ ಮಾಡುವ ಸಂದರ್ಭಗಳೂ ಉಂಟು. ನಿಜವಾದ ಸಿಲಿಂಡರ್ ಆಗಿದ್ದ ತೂತು ಯಾವುದೋ ಹಂತದಲ್ಲಿ ‘ಸಿಲಿಂಡರಿನಂಥ’ ಬಾಗು ಮೇಲ್ಮೈಯಾಗಿ ಬಂದಿದ್ದರೆ ಅದನ್ನು ಗುರುತು ಹಿಡಿದು ಮತ್ತೆ ಸಿಲಿಂಡರ್ ಮಾಡುವುದು ಅದರ ಜಾಣತನ. ಆದರೆ ಎಲ್ಲಿ ಎಷ್ಟು ಎಳೆದೆ, ಯಾವುದನ್ನು ನುಂಗಿದೆ ಎಂದು ತಾನಾಗಿ ಬಾಯಿಬಿಡುವುದು ಅಪರೂಪ. ಪರದೆಯ ಮೇಲೆ ಹಸಿರು ಗುರುತು ಬಂತೆಂದರೆ ಎಲ್ಲರಿಗೂ ನೆಮ್ಮದಿ. ನನಗಂತೂ ಈ ನೆಮ್ಮದಿಯ ಮೇಲೆ ನಂಬಿಕೆ ಕಡಿಮೆ. ಬಿರುಕು ಬಿಟ್ಟ ಫೈಲು ಕಡೇಪಕ್ಷ ತಾನು ಬಿರುಕು ಬಿಟ್ಟಿದ್ದೇನೆ ಎಂದು ಕೂಗಿ ಹೇಳುತ್ತದೆ. ತಪ್ಪಾಗಿ ರಿಪೇರಿಯಾದ ಫೈಲು ಬಾಯಿ ಮುಚ್ಚಿಕೊಂಡು ಕೂತಿರುತ್ತದೆ.

ಎಲ್ಲ ಬಿರುಕನ್ನೂ ಮುಚ್ಚಲೇಬೇಕೆಂದೂ ಇಲ್ಲ. 6 ಮಿಲಿಮೀಟರ್ ವ್ಯಾಸದ ಗುಂಡುಮೂತಿಯ ಕಟರು 0.02 ಮಿಲಿಮೀಟರ್ ಬಿರುಕಿನ ಮೇಲೆ ಹಾದುಹೋದರೆ ಅದಕ್ಕೆ ತಿಳಿಯುವುದೂ ಇಲ್ಲ. ಆದರೆ ಒಂದು ತುಂಡೇ ಕಾಣೆಯಾಗಿದ್ದರೆ ಕಟರು ಅದರೊಳಕ್ಕೆ ಧುಮುಕುತ್ತದೆ. ವಾರಗಟ್ಟಲೆ ಕಡೆದ ಉಕ್ಕಿನಲ್ಲಿ ಹಳ್ಳ ಬೀಳುತ್ತದೆ, ವೆಲ್ಡಿಂಗ್ ಮಾಡಿ ತುಂಬಿ ಮತ್ತೆ ಕಡೆಯಬೇಕು. ಅದೇ ಆಕಾರವನ್ನು ಬಲಪರೀಕ್ಷೆಯ ಲೆಕ್ಕಾಚಾರಕ್ಕೆ ಕೊಟ್ಟರೆ ಬೇರೆ ಗೋಳು. ಅಲ್ಲಿ ಇಡೀ ಮೈಯನ್ನು ಸಣ್ಣ ಸಣ್ಣ ಬಲೆಕಣ್ಣುಗಳಾಗಿ ಒಡೆಯಬೇಕು; ನೂಲಿನಂಥ ಒಂದು ಮೇಲ್ಮೈ ಇದ್ದರೆ ಅದರ ಸುತ್ತ ಬಲೆ ಸಿಕ್ಕುಸಿಕ್ಕಾಗುತ್ತದೆ. ಹೆಬ್ಬಾಳ, ಯಲಹಂಕದ ಕಚೇರಿಗಳಲ್ಲಿ ವಿಶ್ಲೇಷಣೆ ಎಂಬ ದೊಡ್ಡ ಹೆಸರಿನ ಕೆಲಸಕ್ಕೆ ಸೇರಿದ ಎಷ್ಟೋ ಎಂಜಿನಿಯರುಗಳ ಮೊದಲ ವರ್ಷಗಳು ಈ ಸಿಕ್ಕು ಬಿಡಿಸುವುದರಲ್ಲೇ ಕಳೆಯುತ್ತವೆ. ‘ಕ್ಲೀನ್‌ಅಪ್’ ಎಂದು ಅದಕ್ಕೆ ಹೆಸರು. ಕಸ ಗುಡಿಸುವ ಕೆಲಸಕ್ಕೆ ನಮ್ಮಲ್ಲಿ ಎಷ್ಟು ಗೌರವ ಇದೆಯೋ ಇದಕ್ಕೂ ಅಷ್ಟೇ. ಟೂಲ್‌ರೂಮಿನಲ್ಲಿಯೂ ಕೊಟೇಷನ್ ಬರೆಯುವಾಗ ಉಕ್ಕಿನ ಬೆಲೆ, ಯಂತ್ರದ ಗಂಟೆಗಳು, ಪಾಲಿಷ್ ಎಲ್ಲಕ್ಕೂ ಸಾಲುಗಳಿರುತ್ತವೆ. ಹರಿದ ಆಕಾರ ಹೊಲಿದ ಮೂರು ದಿನಕ್ಕೆ ಸಾಲು ಇರುವುದಿಲ್ಲ.

ಲೆಕ್ಕಕ್ಕೆ ಬರದ ಈ ದಿನಗಳನ್ನು ಒಮ್ಮೆ ಅಮೆರಿಕದವರು ಲೆಕ್ಕ ಹಾಕಿದರು. ಅಲ್ಲಿನ ಮಾನಕಗಳ ಸಂಸ್ಥೆ ನಿಸ್ಟ್ 1999ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಸಾಫ್ಟ್‌ವೇರಿನ ಮಾಹಿತಿ ಇನ್ನೊಂದಕ್ಕೆ ಸರಿಯಾಗಿ ಹೋಗದೆ ಅಮೆರಿಕದ ಮೋಟಾರು ಉದ್ಯಮ ಮತ್ತು ಅದಕ್ಕೆ ಬಿಡಿಭಾಗ ಕೊಡುವವರು ವರ್ಷಕ್ಕೆ ಕಳೆದುಕೊಳ್ಳುತ್ತಿದ್ದದ್ದು ಕನಿಷ್ಠ 100 ಕೋಟಿ ಡಾಲರ್. ಅದರ ಬಹುಪಾಲು ಕೆಟ್ಟ ಫೈಲುಗಳನ್ನು ರಿಪೇರಿ ಮಾಡುವುದಕ್ಕೆ, ಇಲ್ಲವೇ ಮೊದಲಿನಿಂದ ಮತ್ತೆ ಬರೆಯುವುದಕ್ಕೆ ಹೋದದ್ದು. ಏಳು ವರ್ಷದ ನಂತರ, 2006ರಲ್ಲಿ, ಏರ್‌ಬಸ್ ಎ380 ವಿಮಾನದ ಕಥೆ ಬಯಲಾಯಿತು. ಹ್ಯಾಂಬರ್ಗ್‌ನ ಎಂಜಿನಿಯರುಗಳು ಕಟಿಯಾದ ನಾಲ್ಕನೆಯ ಆವೃತ್ತಿಯಲ್ಲಿ, ಟುಲೂಸ್‌ನವರು ಐದನೆಯದರಲ್ಲಿ ಕೆಲಸ ಮಾಡುತ್ತಿದ್ದರು. ಒಂದೇ ಕಂಪನಿಯ ಸಾಫ್ಟ್‌ವೇರು, ಎರಡು ಆವೃತ್ತಿ; ನಡುವೆ ಮಾಹಿತಿ ಸರಿಯಾಗಿ ದಾಟಲಿಲ್ಲ. ಸುಮಾರು 530 ಕಿಲೋಮೀಟರ್ ತಂತಿ ಇರುವ ವಿಮಾನದಲ್ಲಿ ತಂತಿಯ ಕಟ್ಟುಗಳು ಜೋಡಿಸುವ ಹೊತ್ತಿಗೆ ಗಿಡ್ಡವಾದವು. ಅದು ಮೇಲ್ಮೈಯ ಬಿರುಕಿನ ಕಥೆಯಲ್ಲ ನಿಜ, ಆದರೆ ಅದೇ ಕುಲದ್ದು. ವಿಮಾನ ಗಿರಾಕಿಗಳ ಕೈಸೇರುವುದು ವರ್ಷಗಟ್ಟಲೆ ತಡವಾಯಿತು, ಮುಖ್ಯಸ್ಥರ ಕುರ್ಚಿಗಳು ಹೋದವು. 2022ರ ಅಕ್ಟೋಬರಿನಲ್ಲಿ ಎಮಿರೇಟ್ಸ್‌ನ ಎ380 ನಮ್ಮ ದೇವನಹಳ್ಳಿಯಲ್ಲಿ ಮೊದಲ ಸಲ ಬಂದಿಳಿದಾಗ ಊರಿನವರೆಲ್ಲ ಅದರ ಎರಡು ಮಾಳಿಗೆ ನೋಡಿ ಬೆರಗಾದರು. ಅದರ ಹೊಟ್ಟೆಯೊಳಗಿನ ತಂತಿಗಳ ಕಥೆ ಯಾರಿಗೆ ನೆನಪಿತ್ತೋ ತಿಳಿಯದು.

ಐಜೆಸ್‌ನ ಕೊರತೆಗೆ ಮದ್ದು ಬಂದಿಲ್ಲವೆಂದಲ್ಲ. ಐಎಸ್‌ಒ ಸಂಸ್ಥೆ 1994ರಲ್ಲಿ 10303 ಎಂಬ ಸಂಖ್ಯೆಯ ಮಾನಕವನ್ನು ಹೊರಡಿಸಿತು. ‘ಸ್ಟೆಪ್’ ಎಂದು ಅದರ ರೂಢನಾಮ. ಇದರಲ್ಲಿ ಪ್ರತಿ ತುಂಡಿನ ಚಕ್ಕುಬಂದಿಯೂ ಜತೆಗೇ ಬರುತ್ತದೆ, ಕಳಿಸಿದವನ ಸಹನೆ ಎಷ್ಟಿತ್ತು ಎಂಬ ಒಂದು ಸಾಲೂ ಇರುತ್ತದೆ. 2014ರಲ್ಲಿ ಬಂದ ಅದರ ಎಪಿ242 ಎಂಬ ಭಾಗದಲ್ಲಿ, ಅಳತೆಯ ಟಿಪ್ಪಣಿಗಳನ್ನೂ ಆಕಾರಕ್ಕೆ ಅಂಟಿಸಿ ಕಳಿಸಬಹುದು. ಎಲ್ಲಕ್ಕಿಂತ ಉಪಯುಕ್ತವಾದದ್ದು, ‘ನಾನು ಕಳಿಸಿದಾಗ ಈ ವಸ್ತುವಿನ ಘನಗಾತ್ರ ಇಷ್ಟಿತ್ತು, ಮೇಲ್ಮೈ ಇಷ್ಟಿತ್ತು, ಗುರುತ್ವಕೇಂದ್ರ ಇಲ್ಲಿತ್ತು’ ಎಂದು ಬರೆದು ಕಳಿಸುವ ಸೌಲಭ್ಯ. ಲಾರಿಯ ಜತೆ ತೂಕದ ಚೀಟಿ ಕಳಿಸಿದಂತೆ. ಇಳಿಸಿಕೊಂಡವನು ತೂಗಿ ನೋಡಿ ತಾಳೆ ಹಾಕಬಹುದು. ಇಷ್ಟಿದ್ದೂ ಹರಿದ ಆಕಾರಗಳು ಬರುವುದು ಯಾಕೆ ನಿಲ್ಲಲಿಲ್ಲ? ಒಂದು, ಸಹನೆಯ ವ್ಯತ್ಯಾಸ ಸ್ಟೆಪ್ ಬಂದ ಮಾತ್ರಕ್ಕೆ ಹೋಗುವುದಿಲ್ಲ. ಚಕ್ಕುಬಂದಿ ಸರಿಯಿದ್ದು ಅಳತೆ ತಾಳೆಯಾಗದ ಕ್ರಯಪತ್ರಗಳೂ ಇರುತ್ತವಷ್ಟೆ. ಇನ್ನೊಂದು ಕಾರಣ ವ್ಯಾಪಾರದ್ದು. ಆಕಾರ ಹೇಗೆ ಹುಟ್ಟಿತು, ಯಾವ ಅಳತೆ ಬದಲಿಸಿದರೆ ಯಾವುದು ಬದಲಾಗುತ್ತದೆ ಎಂಬ ಪೂರ್ತಿ ಜಾತಕ ಮೂಲ ಫೈಲಿನಲ್ಲಿ ಇರುತ್ತದೆ. ಅದನ್ನು ಹೊರಗಿನವರಿಗೆ ಕೊಟ್ಟರೆ ಮನೆಯ ಗುಟ್ಟು ಕೊಟ್ಟಂತೆ. ಆದ್ದರಿಂದ ದೊಡ್ಡ ಕಂಪನಿಗಳು ಬೇಕೆಂದೇ ಜಾತಕ ಕಿತ್ತು, ಬರೀ ತೊಗಲನ್ನು ಕಳಿಸುತ್ತವೆ. ಅವರ ದೃಷ್ಟಿಯಲ್ಲಿ ಅದು ಸರಿಯೂ ಹೌದು. ಈ ಕಾರಣ ಇರುವ ತನಕ ಹೊಲಿಯುವವರಿಗೆ ಕೆಲಸವೂ ಇರುತ್ತದೆ.

ಯಶವಂತಪುರಕ್ಕೆ ಅಂಟಿಕೊಂಡೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಬಿ. ಗುರುಮೂರ್ತಿ ಮತ್ತು ಅವರ ಶಿಷ್ಯರು ಬಹುಕಾಲದಿಂದ ಇದಕ್ಕೆ ಹತ್ತಿರದ ಪ್ರಶ್ನೆಯೊಂದರ ಬೆನ್ನುಹತ್ತಿದವರು: ಬರೀ ತೊಗಲನ್ನು ನೋಡಿ, ಇದು ತೂತು, ಇದು ಗಾಡಿ, ಇದು ಏಣು ಎಂದು ಕಂಪ್ಯೂಟರು ಗುರುತಿಸುವುದು ಹೇಗೆ, ಆ ಅರ್ಥವನ್ನು ಒಂದು ಸಾಫ್ಟ್‌ವೇರಿನಿಂದ ಇನ್ನೊಂದಕ್ಕೆ ದಾಟಿಸುವುದು ಹೇಗೆ? ರಿಪೇರಿಯ ನಿಜವಾದ ಕಷ್ಟವೂ ಇದೇ. ಬಿರುಕಿನ ಅಗಲವನ್ನು ಯಂತ್ರ ಅಳೆಯಬಲ್ಲದು. ಇಲ್ಲಿ ಬಿರುಕು ಇರಬೇಕಿತ್ತೇ, ಬೇಡವಾಗಿತ್ತೇ ಎಂಬುದು ಬರೆದವನ ಮನಸ್ಸಿನಲ್ಲಿದ್ದ ಸಂಗತಿ. ಅವನು ಸಾವಿರಾರು ಮೈಲಿ ದೂರದಲ್ಲಿ, ಬೇರೆ ಹಗಲು ರಾತ್ರಿಯಲ್ಲಿ ಕೂತಿದ್ದಾನೆ. ಕೇಳಿದರೆ ಉತ್ತರ ಬರಲು ಎರಡು ದಿನ. ಗಡುವು ನಾಳೆ. ಹುಡುಗಿ ತನ್ನ ಊಹೆಯ ಮೇಲೆ ಮೇಲ್ಮೈ ಎಳೆದು ಮುಚ್ಚುತ್ತಾಳೆ. ಊಹೆ ಹತ್ತಕ್ಕೆ ಒಂಬತ್ತು ಸಲ ಸರಿಯಾಗಿರುತ್ತದೆ. ಆದರೆ ಅದು ಊಹೆ ಎಂಬುದು ಎಲ್ಲೂ ದಾಖಲಾಗುವುದಿಲ್ಲ.

ದಾಖಲಾಗಬೇಕು ಎಂಬುದೇ ನನ್ನ ವಾದ. ಯಾವ ಮೇಲ್ಮೈಯನ್ನು ಎಷ್ಟು ಎಳೆಯಲಾಯಿತು, ಯಾವುದನ್ನು ಹೊಸದಾಗಿ ಮಾಡಲಾಯಿತು, ಅತಿ ದೊಡ್ಡ ಬಿರುಕು ಎಷ್ಟಿತ್ತು, ರಿಪೇರಿಗೆ ಮುಂಚಿನ ಮೈಗೂ ನಂತರದ ಮೈಗೂ ಹೆಚ್ಚೆಂದರೆ ಎಷ್ಟು ಅಂತರ. ಅರ್ಧ ಪುಟ ಸಾಕು. ಅದನ್ನು ಗಿರಾಕಿಗೆ ಕಳಿಸಿ ಒಪ್ಪಿಗೆ ಪಡೆದರೆ ಕೊಟೇಷನ್ನಿನಲ್ಲಿ ಒಂದು ಸಾಲು ಸೇರಿಸಲು ಆಧಾರವೂ ಸಿಗುತ್ತದೆ. ಗಿರಾಕಿ ಕೈತಪ್ಪಿಹೋದಾನು ಎಂಬ ಅಂಜಿಕೆಯಿಂದ ಸಣ್ಣ ಟೂಲ್‌ರೂಮಿನವರು ಇದನ್ನು ಮಾಡುವುದಿಲ್ಲ. ಸದ್ದಿಲ್ಲದೆ ರಿಪೇರಿ ಮಾಡಿ, ಸದ್ದಿಲ್ಲದೆ ನಷ್ಟ ನುಂಗಿಕೊಳ್ಳುತ್ತಾರೆ. ನಷ್ಟ ಹಣದ್ದು ಮಾತ್ರವೂ ಅಲ್ಲ. ಕಡೆದು ಮುಗಿದ ಅಚ್ಚನ್ನು ಸಿಎಂಎಂ ಎಂಬ ಅಳತೆಯ ಯಂತ್ರದ ಮೇಲಿಟ್ಟು, ಅದರ ಮೈಯ ನೂರಾರು ಬಿಂದುಗಳನ್ನು ಮುಟ್ಟಿ, ಕಂಪ್ಯೂಟರಿನ ಆಕಾರದೊಂದಿಗೆ ತಾಳೆ ನೋಡುತ್ತಾರಲ್ಲ, ಆಗ ಎದುರಿಗಿಡುವುದು ಯಾವ ಫೈಲನ್ನು? ಕೈಗೆ ಸುಲಭವಾಗಿ ಸಿಗುವುದು ರಿಪೇರಿಯಾದದ್ದು. ಅದು ಅಚ್ಚುಕಟ್ಟಾಗಿದೆ, ಒಂದೇ ಸಲಕ್ಕೆ ತೆರೆದುಕೊಳ್ಳುತ್ತದೆ. ರಿಪೇರಿಯಲ್ಲಿ ಮೇಲ್ಮೈ 0.3 ಮಿಲಿಮೀಟರ್ ಜರುಗಿದ್ದರೆ ಉಕ್ಕೂ ಅಷ್ಟೇ ಜರುಗಿರುತ್ತದೆ; ಎರಡೂ ಒಂದಕ್ಕೊಂದು ತಾಳೆಯಾಗಿ ಇಲ್ಲಿ ಪೀಣ್ಯದಲ್ಲಿ ‘ಸರಿ’ ಎಂದು ಮುದ್ರೆ ಬೀಳುತ್ತದೆ. ಅದೇ ಅಚ್ಚಿನಿಂದ ಬಂದ ಭಾಗ ಗಿರಾಕಿಯ ಊರಿನಲ್ಲಿ ಅವರ ಮೂಲ ಫೈಲಿನ ಎದುರು ನಿಂತಾಗ ತಿರಸ್ಕೃತವಾಗುತ್ತದೆ. ಇಬ್ಬರೂ ಸರಿಯಾಗಿಯೇ ಅಳೆದಿರುತ್ತಾರೆ. ಅಳತೆಗೆ ಗಿರಾಕಿ ಕಳಿಸಿದ ಆ ಹರಿದ ಫೈಲನ್ನೇ ಎದುರಿಗಿಡಬೇಕು. ಬಿಂದುವಿನಿಂದ ಮೇಲ್ಮೈಗೆ ಇರುವ ದೂರ ನೋಡುವುದಕ್ಕೆ ಚೀಲ ಸೋರದಿರಬೇಕೆಂಬ ನಿಯಮವೇನೂ ಇಲ್ಲ. ಎಲೆಗಳು ಹಚ್ಚದೆ ಬಿಡಿಬಿಡಿಯಾಗಿ ಬಿದ್ದಿದ್ದರೂ ಆ ಕೆಲಸಕ್ಕೆ ಸಾಕು.